ಇಲ್ಲದ ಬ್ಯಾಂಡಿನ ಹಾಡು ನಂಬರ್ ಒನ್: ಸಿನಿಮಾದೊಳಗಿನ ಸಂಗೀತ ತಂಡಗಳು ನಮಗೆ ಯಾಕಿಷ್ಟು ಇಷ್ಟ ಆಗ್ತವೆ?

ಮನೆಯಲ್ಲಿ ಹತ್ತು-ಹನ್ನೆರಡು ವರ್ಷದ ಮಕ್ಕಳಿದ್ದರೆ ‘ಹಂಟ್ರಿಕ್ಸ್’ ಅನ್ನೋ ಹೆಸರು ನಿಮ್ಮ ಕಿವಿಗೂ ಬಿದ್ದಿರಬಹುದು. ಬುಕ್ ಸ್ಟಾಲ್, ಫ್ಯಾನ್ಸಿ ಸ್ಟೋರ್ ನಡೆಸೋರಾದರೆ ಮಕ್ಕಳು ಬಂದು ‘ಆ ಮೂರು ಹುಡುಗೀರ ಸ್ಟಿಕ್ಕರ್ ಇದೆಯಾ ಅಂಕಲ್?’ ಅಂತ ಕೇಳಿದ್ದೂ ಇರಬಹುದು. ತಮಾಷೆ ಏನಂದ್ರೆ, ಹಾಗೊಂದು ಬ್ಯಾಂಡ್ ಇಲ್ಲವೇ ಇಲ್ಲ. ರೂಮಿ, ಮೀರಾ, ಜೋಯಿ ಅನ್ನೋ ಆ ಮೂವರೂ ಕಾರ್ಟೂನ್ ಪಾತ್ರಗಳು. 2025ರ ಜೂನ್ 20ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಕೆ-ಪಾಪ್ ಡೀಮನ್ ಹಂಟರ್ಸ್’ ಸಿನಿಮಾದಲ್ಲಿ ಹಾಡು ಹೇಳುತ್ತಾ, ಕದ್ದುಮುಚ್ಚಿ ಭೂತ ಬೇಟೆ ಆಡೋ ಹುಡುಗೀರು ಅವರು.

ಆದ್ರೂ ಈ ಇಲ್ಲದ ಬ್ಯಾಂಡಿನ ‘ಗೋಲ್ಡನ್’ ಹಾಡು ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಒಟ್ಟು ಎಂಟು ವಾರ ಅಲ್ಲಿತ್ತು. ಒಂದು ಹಂತದಲ್ಲಿ ಇದೇ ಸಿನಿಮಾದ ನಾಲ್ಕು ಹಾಡುಗಳು ಒಟ್ಟಿಗೆ ಮೊದಲ ಹತ್ತರಲ್ಲಿದ್ದವು. ಯಾವ ಸಿನಿಮಾದ ಹಾಡುಗಳಿಗೂ ಅದುವರೆಗೆ ಹಾಗಾಗಿರಲಿಲ್ಲ. ಊಟ-ನಿದ್ದೆ ಬಿಟ್ಟು ಅಭ್ಯಾಸ ಮಾಡೋ ನಿಜವಾದ ತಂಡಗಳನ್ನೆಲ್ಲ ಹಿಂದೆ ಹಾಕಿ ಕಾರ್ಟೂನ್ ತಂಡ ಮುಂದೆ ಹೋದದ್ದು ಹೇಗೆ? ಹಾಡಿದವರು ಯಾರು? ದುಡ್ಡು, ಹೆಸರು ಯಾರಿಗೆ ಹೋಯ್ತು? ಇದರ ಹಿಂದೆ ಅರವತ್ತು ವರ್ಷದ ಕಥೆ ಇದೆ.

ಮೊದಲು ‘ಬ್ಯಾಂಡ್’ ಅಂದ್ರೇನು?

ಇಲ್ಲಿ ಬ್ಯಾಂಡ್ ಅಂದ್ರೆ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ ಅಲ್ಲ. ಮೂರು-ನಾಲ್ಕು ಜನ ಗೆಳೆಯರು ಗಿಟಾರ್, ಡ್ರಮ್ಸ್, ಕೀಬೋರ್ಡ್ ಇಟ್ಟುಕೊಂಡು ತಮ್ಮದೇ ಹಾಡು ಕಟ್ಟಿ ಹಾಡೋ ತಂಡ. ನಮ್ಮ ಕಡೆಯ ಆರ್ಕೆಸ್ಟ್ರಾಕ್ಕೆ ಹತ್ತಿರದ ಸಂಬಂಧಿ ಅನ್ನಬಹುದು. ಆದ್ರೆ ಆರ್ಕೆಸ್ಟ್ರಾದವರು ಹೆಚ್ಚಾಗಿ ಹಾಡೋದು ಸಿನಿಮಾ ಹಾಡು, ಬ್ಯಾಂಡಿನವರು ಹಾಡೋದು ಸ್ವಂತ ಹಾಡು. ಕಥೆಗೋಸ್ಕರ ಇಂಥದ್ದೊಂದು ತಂಡ ಹುಟ್ಟುಹಾಕಿ, ಅದಕ್ಕೆ ಹೆಸರು, ಸದಸ್ಯರು, ಹಾಡು ಎಲ್ಲ ಕೊಟ್ಟರೆ ಅದೇ ಕಾಲ್ಪನಿಕ ಬ್ಯಾಂಡ್.

ಪೇಪರ್ ಜಾಹೀರಾತಿನಿಂದ ಹುಟ್ಟಿದ ತಂಡ

1965ರಲ್ಲಿ ಅಮೆರಿಕದ ಇಬ್ಬರು ನಿರ್ಮಾಪಕರು, ಬಾಬ್ ರಾಫೆಲ್ಸನ್ ಮತ್ತು ಬರ್ಟ್ ಶ್ನೈಡರ್, ಸಿನಿಮಾ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಟಿವಿ ಧಾರಾವಾಹಿಗೆ ನಾಲ್ಕು ಹುಡುಗರು ಬೇಕು ಅಂತ. ಆಗ ಬೀಟಲ್ಸ್ ಅನ್ನೋ ಬ್ರಿಟಿಷ್ ತಂಡದ ಹುಚ್ಚು ಜಗತ್ತಿಗೇ ಹಿಡಿದಿತ್ತು, ಅಂಥದ್ದೇ ಒಂದು ತಂಡದ ಕಥೆ ತೋರಿಸೋದು ಅವರ ಲೆಕ್ಕಾಚಾರ. ಡೇವಿ ಜೋನ್ಸ್, ಮಿಕಿ ಡೋಲೆನ್ಜ್, ಮೈಕಲ್ ನೆಸ್ಮಿತ್, ಪೀಟರ್ ಟಾರ್ಕ್ ಆಯ್ಕೆ ಆದರು. ‘ದಿ ಮಂಕೀಸ್’ ಧಾರಾವಾಹಿ 1966ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು.

ಕಥೆಯಲ್ಲಿ ಇವರು ಬಾಡಿಗೆ ಕಟ್ಟೋಕೂ ಪರದಾಡೋ ಬಡ ತಂಡ. ಹೊರಗೆ ಮಾತ್ರ ಇವರ ರೆಕಾರ್ಡು ಬಿಸಿ ದೋಸೆ ಥರ ಖರ್ಚಾಗುತ್ತಿತ್ತು. ನೀಲ್ ಡೈಮಂಡ್ ಬರೆದ ‘ಐಯಾಮ್ ಎ ಬಿಲೀವರ್’ ಏಳು ವಾರ ಮೊದಲ ಸ್ಥಾನದಲ್ಲಿತ್ತು. ಆದ್ರೆ ಒಳಗಿನ ಕಥೆ ಬೇರೆ. ಸಂಗೀತದ ಉಸ್ತುವಾರಿ ಡಾನ್ ಕಿರ್ಶ್ನರ್ ಅನ್ನೋರ ಕೈಲಿತ್ತು. ಅವರು ಈ ಹುಡುಗರ ಕೈಲಿ ಹಾಡು ಹೇಳಿಸುತ್ತಿದ್ದರು, ವಾದ್ಯ ಮಾತ್ರ ಬಹುಪಾಲು ಸ್ಟುಡಿಯೋದ ಬೇರೆ ಕಲಾವಿದರು ನುಡಿಸುತ್ತಿದ್ದರು. 1967ರ ಜನವರಿಯಲ್ಲಿ ಇವರ ಎರಡನೇ ಆಲ್ಬಂ ಬಂದಾಗ, ಅದು ಬಿಡುಗಡೆ ಆಗುತ್ತೆ ಅನ್ನೋದೇ ಈ ನಾಲ್ವರಿಗೆ ಗೊತ್ತಿರಲಿಲ್ಲ.

ಅಲ್ಲಿಗೆ ತಾಳ್ಮೆ ಮುಗೀತು. ಒಂದು ಹೋಟೆಲಿನಲ್ಲಿ ನಡೆದ ಮಾತುಕತೆಯಲ್ಲಿ ನೆಸ್ಮಿತ್ ಸಿಟ್ಟಿಗೆ ಗೋಡೆಗೆ ಗುದ್ದಿ ತೂತು ಮಾಡಿದರು. ಕೊನೆಗೆ ಕಿರ್ಶ್ನರ್ ಹೊರಹೋಗಬೇಕಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ನಾಲ್ವರೂ ತಾವೇ ವಾದ್ಯ ನುಡಿಸಿ ‘ಹೆಡ್‌ಕ್ವಾರ್ಟರ್ಸ್’ ಆಲ್ಬಂ ತಂದರು. ಅದೂ ಮೊದಲ ಸ್ಥಾನಕ್ಕೆ ಹೋಯಿತು, ಆದರೆ ಒಂದೇ ವಾರ. ಅದನ್ನ ಕೆಳಗಿಳಿಸಿದ್ದು ಯಾರು ಅಂತೀರಿ? ಸಾಕ್ಷಾತ್ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಂ. ಜಾಹೀರಾತಿನಿಂದ ಹುಟ್ಟಿದ ತಂಡ ಒಂದು ವರ್ಷದೊಳಗೆ ನಿಜವಾದ ತಂಡ ಆಗಿತ್ತು.

‘ಎದುರು ಮಾತಾಡದ ಬ್ಯಾಂಡ್ ಬೇಕು’

ಕಿರ್ಶ್ನರ್ ಸುಮ್ಮನೆ ಕೂರಲಿಲ್ಲ. ಮನುಷ್ಯರನ್ನ ಇಟ್ಟುಕೊಂಡರೆ ತಾನೇ ಜಗಳ, ಕಾರ್ಟೂನ್ ಆದ್ರೆ ಎದುರು ಮಾತಾಡಲ್ಲ ಅನ್ನೋ ಲೆಕ್ಕದಲ್ಲೇ ಅವರು ಮುಂದಿನ ತಂಡಕ್ಕೆ ಕೈ ಹಾಕಿದರು ಅಂತ ಸಂಗೀತ ಲೋಕದಲ್ಲಿ ಇಂದಿಗೂ ಹೇಳ್ತಾರೆ. ಆ ತಂಡವೇ ‘ದಿ ಆರ್ಚೀಸ್’. 1941ರಿಂದ ಬರುತ್ತಿದ್ದ ಆರ್ಚಿ ಕಾಮಿಕ್ಸ್‌ನ ಪಾತ್ರಗಳನ್ನೇ ತಗೊಂಡು 1968ರಲ್ಲಿ ಟಿವಿ ಕಾರ್ಟೂನ್ ಮಾಡಿದರು.

ಜೆಫ್ ಬ್ಯಾರಿ ಮತ್ತು ಆ್ಯಂಡಿ ಕಿಮ್ ಬರೆದ ‘ಶುಗರ್, ಶುಗರ್’ ಹಾಡು 1969ರಲ್ಲಿ ಅಮೆರಿಕದಲ್ಲಿ ನಾಲ್ಕು ವಾರ, ಬ್ರಿಟನ್‌ನಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿ ಕೂತಿತ್ತು. ಬಿಲ್‌ಬೋರ್ಡ್ ಆ ಇಡೀ ವರ್ಷದ ನಂಬರ್ ಒನ್ ಹಾಡು ಅಂತ ಲೆಕ್ಕ ಹಾಕಿದ್ದೂ ಇದನ್ನೇ.

ಅಂಗಡಿಯವರಿಗೆ ಇಷ್ಟ ಆಗೋ ವಿಷಯ ಒಂದಿದೆ. ಆರ್ಚೀಸ್ ಹಾಡುಗಳನ್ನ ಬೆಳಗಿನ ತಿಂಡಿಯ ಸೀರಿಯಲ್ ಡಬ್ಬದ ರಟ್ಟಿನ ಮೇಲೇ ಅಚ್ಚೊತ್ತಿ ಕೊಡುತ್ತಿದ್ದರು. ಡಬ್ಬ ಖಾಲಿ ಆದ ಮೇಲೆ ಕತ್ತರಿಯಿಂದ ದುಂಡಗೆ ಕತ್ತರಿಸಿ ರೆಕಾರ್ಡ್ ಪ್ಲೇಯರ್ ಮೇಲಿಟ್ಟರೆ ಹಾಡು ಬರುತ್ತಿತ್ತು. ‘ಇದು ತಗೊಂಡ್ರೆ ಅದು ಫ್ರೀ’ ಅನ್ನೋದು ಇವತ್ತಿನ ಉಪಾಯವೇನಲ್ಲ.

ಇಷ್ಟೆಲ್ಲ ಆದ್ರೂ ಹಾಡಿದವರು ಯಾರು ಅಂತ ಕೇಳಿದ್ರೆ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ರಾನ್ ಡಾಂಟೆ ಅನ್ನೋ ಯುವಕ ಮುಖ್ಯ ದನಿ, ಜೊತೆಗೆ ಟೋನಿ ವೈನ್ ಅನ್ನೋ ಗಾಯಕಿ. ರೆಕಾರ್ಡಿನ ಮೇಲೆ ಇದ್ದದ್ದು ‘ದಿ ಆರ್ಚೀಸ್’ ಅನ್ನೋ ಹೆಸರು ಮಾತ್ರ. ಅದೇ ವರ್ಷ ಡಾಂಟೆ ‘ದಿ ಕಫ್ ಲಿಂಕ್ಸ್’ ಅನ್ನೋ ಇನ್ನೊಂದು ಹೆಸರಲ್ಲಿ ‘ಟ್ರೇಸಿ’ ಹಾಡು ಹಾಡಿದರು, ಅದೂ ಮೊದಲ ಹತ್ತರೊಳಗೆ ಬಂತು. ಒಬ್ಬನೇ ಮನುಷ್ಯನ ದನಿ ಎರಡು ಹಿಟ್ ಹಾಡಿನಲ್ಲಿ. ಎರಡರಲ್ಲೂ ಅವನ ಹೆಸರಿಲ್ಲ.

ಈ ಆರ್ಚಿ ನಮ್ಮ ದೇಶಕ್ಕೂ ಬಂದಿದ್ದಾನೆ. ಜೋಯಾ ಅಖ್ತರ್ 2023ರಲ್ಲಿ 1960ರ ದಶಕದ ಆಂಗ್ಲೋ-ಇಂಡಿಯನ್ ಊರೊಂದರ ಕಥೆಯಾಗಿ ‘ದಿ ಆರ್ಚೀಸ್’ ಹಿಂದಿ ಸಿನಿಮಾ ಮಾಡಿದರು.

ಹಾಗಾದ್ರೆ ಜನಕ್ಕೆ ಇಷ್ಟ ಆಗೋದು ಯಾಕೆ?

ಮೊದಲ ಕಾರಣ, ಹಾಡಿನ ಜೊತೆ ಕಥೆ ಬರುತ್ತೆ. ರೇಡಿಯೋದಲ್ಲಿ ಹೊಸ ಹಾಡು ಕೇಳಿದಾಗ ಹಾಡೋರ ಸುಖ-ದುಃಖ ನಮಗೆ ಗೊತ್ತಿರಲ್ಲ. ಸಿನಿಮಾದಲ್ಲಿ ಗೊತ್ತಿರುತ್ತೆ. ‘ಗೋಲ್ಡನ್’ ಹಾಡಿನ ಎತ್ತರದ ಸ್ವರಕ್ಕೆ ಬಂದಾಗ ರೂಮಿಯ ದನಿ ಕೈಕೊಡುತ್ತೆ. ತಾನು ಅರ್ಧ ಭೂತದ ಕುಲದವಳು ಅನ್ನೋದನ್ನ ಗೆಳತಿಯರಿಂದಲೂ ಬಚ್ಚಿಟ್ಟಿರೋಳು ಅವಳು. ಅದು ಗೊತ್ತಿರೋ ಮಗು ಆ ಹಾಡು ಕೇಳುವಾಗ ಬರೀ ಟ್ಯೂನ್ ಕೇಳಲ್ಲ, ಒಂದು ಗುಟ್ಟಿನ ಭಾರವನ್ನೂ ಕೇಳುತ್ತೆ.

ಎರಡನೇದು, ಕಥೆಯೇ ಹಾಡನ್ನ ಪರೀಕ್ಷೆಗೆ ಒಡ್ಡುತ್ತೆ. ‘ಈ ಹಾಡಿಗೆ ಇಡೀ ದೇಶ ಮರುಳಾಯಿತು’ ಅಂತ ಸಿನಿಮಾದಲ್ಲಿ ತೋರಿಸಿ, ಹಾಡೇ ಸಪ್ಪೆ ಆದ್ರೆ ಸಿನಿಮಾ ಅಲ್ಲೇ ಮಗುಚಿಕೊಳ್ಳುತ್ತೆ. 1996ರಲ್ಲಿ ನಟ ಟಾಮ್ ಹ್ಯಾಂಕ್ಸ್ ನಿರ್ದೇಶಿಸಿದ ‘ದಟ್ ಥಿಂಗ್ ಯೂ ಡೂ!’ ಇದಕ್ಕೆ ಒಳ್ಳೇ ಉದಾಹರಣೆ. ಅಂಗಡಿಯವರ ಮಕ್ಕಳು ನೋಡಬೇಕಾದ ಸಿನಿಮಾ ಅದು. 1964ರ ಈರಿ ಅನ್ನೋ ಊರಲ್ಲಿ ಅಪ್ಪನ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಲ್ಲಿ ಕೂರೋ ಹುಡುಗ ಗೈ. ಊರಿನ ಬ್ಯಾಂಡಿನ ಡ್ರಮ್ಮರ್ ಕೈ ಮುರಿದುಕೊಂಡಾಗ ಇವನು ಬದಲಿಗೆ ಹೋಗ್ತಾನೆ. ನಿಧಾನದ ಹಾಡನ್ನ ವೇದಿಕೆ ಮೇಲೆ ಜೋರಾಗಿ ಬಾರಿಸಿಬಿಡ್ತಾನೆ. ಅದೇ ಹಿಟ್ ಆಗಿಬಿಡುತ್ತೆ. ಸಿನಿಮಾದಲ್ಲಿ ಆ ಒಂದೇ ಹಾಡು ಮತ್ತೆ ಮತ್ತೆ ಬರುತ್ತೆ, ಆದ್ರೂ ಬೇಜಾರಾಗಲ್ಲ. ಬರೆದದ್ದು ಆ್ಯಡಂ ಶ್ಲೆಸಿಂಜರ್. ಹಾಡು ಆಸ್ಕರ್‌ಗೆ ನಾಮನಿರ್ದೇಶನ ಆಯಿತು, ನಿಜವಾದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 41ನೇ ಸ್ಥಾನಕ್ಕೂ ಬಂತು. ಶ್ಲೆಸಿಂಜರ್ 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು.

ಮೂರನೇದು ನಮ್ಮ ಮನಸ್ಸಿಗೆ ಹತ್ತಿರದ್ದು. ಇಂಥ ಕಥೆಗಳೆಲ್ಲ ಕೊನೆಗೆ ಗೆಳೆತನದ ಕಥೆಗಳು. ಕಾಲೇಜು ದಿನದಲ್ಲಿ ಒಟ್ಟಿಗೆ ನಾಟಕ, ವಾದ್ಯಗೋಷ್ಠಿ ಮಾಡಿದವರು ಆಮೇಲೆ ಅವರವರ ಸಂಸಾರ, ವ್ಯಾಪಾರ ಅಂತ ಚದುರಿ ಹೋಗೋದು ಯಾವ ಊರಲ್ಲಿಲ್ಲ? 2008ರ ಹಿಂದಿ ಸಿನಿಮಾ ‘ರಾಕ್ ಆನ್!!’ ಹಿಡಿದದ್ದು ಇದನ್ನೇ. ಅಭಿಷೇಕ್ ಕಪೂರ್ ನಿರ್ದೇಶನ, ‘ಮ್ಯಾಜಿಕ್’ ಅನ್ನೋ ತಂಡದ ನಾಲ್ವರು ಗೆಳೆಯರ ಕಥೆ. ತಂಡ ಒಡೆದ ಮೇಲೆ ಒಬ್ಬ ಬ್ಯಾಂಕಿಂಗ್ ಕೆಲಸಕ್ಕೆ ಸೇರ್ತಾನೆ, ಡ್ರಮ್ಮರ್ ಅಪ್ಪನ ಚಿನ್ನಾಭರಣದ ವ್ಯಾಪಾರಕ್ಕೆ ಕೂರ್ತಾನೆ. ವರ್ಷಗಳ ನಂತರ ಮತ್ತೆ ಸೇರ್ತಾರೆ. ಫರ್ಹಾನ್ ಅಖ್ತರ್ ತಮ್ಮ ಪಾತ್ರದ ಹಾಡುಗಳನ್ನ ತಾವೇ ಹಾಡಿದರು. ಅಷ್ಟೇನೂ ಪಳಗದ ಆ ಒರಟು ದನಿಯೇ ಕಥೆಗೆ ಒಪ್ಪಿತು. ಗಲ್ಲಾಪೆಟ್ಟಿಗೆ ಹಿಂದೆ ಕೂತು ‘ನಾನೂ ಒಂದ್ಕಾಲದಲ್ಲಿ ಹಾಡ್ತಿದ್ದೆ’ ಅನ್ನೋ ಎಷ್ಟೋ ಜನರ ಕಥೆ ಅದು.

ನಾಲ್ಕನೇದು, ಕಾಲ್ಪನಿಕ ಬ್ಯಾಂಡಿಗೆ ವಯಸ್ಸಾಗಲ್ಲ, ಒಡೆದು ಹೋಗಲ್ಲ. ಹಗರಣದಲ್ಲಿ ಸಿಕ್ಕಿ ಅಭಿಮಾನಿಗಳ ಮುಖಕ್ಕೆ ಮಸಿ ಬಳಿಯಲ್ಲ. ಇರೋ ಹಾಡೂ ಹತ್ತು-ಹನ್ನೆರಡೇ, ಎಲ್ಲಾ ಬಾಯಿಪಾಠ ಆಗಿಬಿಡುತ್ತೆ.

ನಗಿಸೋಕೆ ಹೋಗಿ ನಿಜ ಆದವರು

1984ರಲ್ಲಿ ರಾಬ್ ರೈನರ್ ನಿರ್ದೇಶಿಸಿದ ‘ದಿಸ್ ಈಸ್ ಸ್ಪೈನಲ್ ಟ್ಯಾಪ್’ ರಾಕ್ ತಂಡಗಳ ಠೇಂಕಾರವನ್ನ ಗೇಲಿ ಮಾಡೋ ಸಿನಿಮಾ. ಸಾಕ್ಷ್ಯಚಿತ್ರದ ಥರಾನೇ ತೆಗೆದಿದ್ದಾರೆ. ಕ್ರಿಸ್ಟೋಫರ್ ಗೆಸ್ಟ್, ಮೈಕಲ್ ಮಕೀನ್, ಹ್ಯಾರಿ ಶಿಯರರ್ ಅನ್ನೋ ಮೂವರು ನಟರು ತಾವೇ ಹಾಡು ಕಟ್ಟಿ, ತಾವೇ ನುಡಿಸಿ, ಸಂಭಾಷಣೆಯನ್ನ ಬಹುಪಾಲು ಸ್ಥಳದಲ್ಲೇ ಹುಟ್ಟಿಸಿಕೊಂಡರು.

ಅದರ ಒಂದು ದೃಶ್ಯ ನಮ್ಮ ಬಡಗಿ, ವೆಲ್ಡಿಂಗ್ ಶಾಪಿನವರಿಗೆ ತಕ್ಷಣ ಅರ್ಥ ಆಗುತ್ತೆ. ವೇದಿಕೆ ಮೇಲೆ ಇಂಗ್ಲೆಂಡಿನ ಪ್ರಸಿದ್ಧ ಸ್ಟೋನ್‌ಹೆಂಜ್ ಕಲ್ಲಿನ ಮಾದರಿ ಇಳಿಸಬೇಕು, 18 ಅಡಿ ಎತ್ತರದ್ದು. ಆದ್ರೆ ಕಾಗದದ ಚೂರಿನ ಮೇಲೆ ಗೀಚಿ ಕೊಡುವಾಗ ಅಡಿಯ ಒಂದು ಗೀಟಿನ ಬದಲು ಇಂಚಿನ ಎರಡು ಗೀಟು ಹಾಕಿಬಿಟ್ಟಿದ್ದಾರೆ. ಪ್ರದರ್ಶನದ ದಿನ ಮೇಲಿಂದ ಇಳಿದದ್ದು 18 ಇಂಚಿನ ಆಟಿಕೆ!

ಈ ನಕಲಿ ತಂಡ 1992ರ ಏಪ್ರಿಲ್ 20ರಂದು ಲಂಡನ್‌ನ ವೆಂಬ್ಲಿ ಸ್ಟೇಡಿಯಂನಲ್ಲಿ, ಫ್ರೆಡ್ಡಿ ಮರ್ಕ್ಯುರಿ ಸ್ಮರಣೆಯ ಕಾರ್ಯಕ್ರಮದಲ್ಲಿ ನಿಜವಾದ ದೊಡ್ಡ ತಂಡಗಳ ಸಾಲಲ್ಲೇ ನಿಂತು ಹಾಡಿತು. 2025ರಲ್ಲಿ ಸಿನಿಮಾದ ಎರಡನೇ ಭಾಗವೂ ಬಂತು.

ಆದ್ರೆ ದುಡ್ಡಿನ ಕಥೆ ನೋಡಿ. 2016ರಲ್ಲಿ ಹ್ಯಾರಿ ಶಿಯರರ್ ಕೋರ್ಟಿಗೆ ಹೋದರು. ಅವರ ದೂರಿನ ಪ್ರಕಾರ 1984ರಿಂದ 2006ರವರೆಗೆ ಟೀ ಶರ್ಟು, ಬೊಂಬೆ ಇತ್ಯಾದಿ ಸಾಮಾನಿನ ಮಾರಾಟದಿಂದ ಸೃಷ್ಟಿಕರ್ತರ ಪಾಲಿಗೆ ಅಂತ ಲೆಕ್ಕ ತೋರಿಸಿದ್ದು 81 ಡಾಲರ್. ಸಾವಿರ ಅಲ್ಲ, ಲಕ್ಷ ಅಲ್ಲ, ಎಂಬತ್ತೊಂದೇ ಡಾಲರ್. ಇವತ್ತಿನ ಲೆಕ್ಕದಲ್ಲಿ ಏಳು ಸಾವಿರ ರೂಪಾಯಿ ಆಸುಪಾಸು. 1989ರಿಂದ 2006ರವರೆಗಿನ ಹಾಡಿನ ಮಾರಾಟಕ್ಕೆ 98 ಡಾಲರ್. ಆಮೇಲೆ ಉಳಿದವರೂ ಜೊತೆಗೂಡಿದರು. 2019 ಮತ್ತು 2020ರಲ್ಲಿ ರಾಜಿಯಾಗಿ ಪ್ರಕರಣ ಬಗೆಹರಿಯಿತು.

ಹತ್ತು ವರ್ಷ ಕಾದ ದನಿ

ಈಗ ಮತ್ತೆ ‘ಗೋಲ್ಡನ್’ಗೆ ಬರೋಣ. ರೂಮಿ ಪಾತ್ರಕ್ಕೆ ಹಾಡಿದವರು ಈಜೇ ಅನ್ನೋ ಕೊರಿಯನ್-ಅಮೆರಿಕನ್ ಗಾಯಕಿ. ಹಾಡು ಬರೆದವರಲ್ಲೂ ಅವರೊಬ್ಬರು. ಚಿಕ್ಕ ಹುಡುಗಿ ಇದ್ದಾಗಲೇ ಕೊರಿಯಾದ ದೊಡ್ಡ ಸಂಗೀತ ಕಂಪನಿಯಲ್ಲಿ ತರಬೇತಿಗೆ ಸೇರಿದ್ದರು. ಹತ್ತು ವರ್ಷಕ್ಕೂ ಹೆಚ್ಚು ಹಾಡು, ಕುಣಿತ ಕಲಿತರು. ಆದ್ರೆ ಯಾವ ತಂಡದಲ್ಲೂ ವೇದಿಕೆಗೆ ಬರೋ ಅವಕಾಶ ಸಿಗಲಿಲ್ಲ. ಆಮೇಲೆ ಬೇರೆಯವರಿಗೆ ಹಾಡು ಬರೆಯೋ ಕೆಲಸ ಹಿಡಿದರು. ಗೋಲ್ಡನ್‌ನ ಟ್ಯೂನ್ ಹೊಳೆದದ್ದು ಹಲ್ಲಿನ ಡಾಕ್ಟರ ಹತ್ತಿರ ಹೋಗೋ ದಾರಿಯಲ್ಲಿ ಅಂತ ಅವರೇ ಸಂದರ್ಶನದಲ್ಲಿ ಹೇಳಿದ್ದಾರೆ.

ನಿಜವಾದ ತಂಡದಲ್ಲಿ ಜಾಗ ಸಿಗದೆ ಹೋದವರಿಗೆ ಇಲ್ಲದ ತಂಡದಲ್ಲಿ ಜಾಗ ಸಿಕ್ಕಿತು. ಉಳಿದಿಬ್ಬರಿಗೆ ದನಿ ಕೊಟ್ಟವರು ಆಡ್ರಿ ನೂನಾ ಮತ್ತು ರೇ ಆಮಿ. ಆರ್ಚೀಸ್ ಕಾಲಕ್ಕೂ ಈಗಿಗೂ ದೊಡ್ಡ ವ್ಯತ್ಯಾಸ ಇರೋದೂ ಇಲ್ಲೇ. ಈ ಸಲ ಹಾಡಿನ ಹೆಸರಿನ ಪಕ್ಕ ಹಂಟ್ರಿಕ್ಸ್ ಜೊತೆಗೆ ಈ ಮೂವರ ಹೆಸರೂ ಇದೆ. ಸಿನಿಮಾ ಗೆದ್ದ ಮೇಲೆ ಅವರೇ ವೇದಿಕೆ ಮೇಲೆ, ಟಿವಿ ಮುಂದೆ ನಿಂತು ಹಾಡಿದರು. 2026ರ ಜನವರಿಯಲ್ಲಿ ಈ ಹಾಡಿಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿಯೂ ಬಂತು.

ಅಂಗಡಿಯವರು ಗಮನಿಸಬೇಕಾದ್ದು

ಈ ಸಿನಿಮಾ ಇಷ್ಟು ಓಡುತ್ತೆ ಅಂತ ಆಟಿಕೆ ಕಂಪನಿಗಳಿಗೂ ಅಂದಾಜಿರಲಿಲ್ಲ. ಸಿನಿಮಾ ಬಂದಾಗ ಅಸಲಿ ಬೊಂಬೆ ಅಂಗಡಿಗಳಲ್ಲಿ ಇರಲೇ ಇಲ್ಲ. ಮ್ಯಾಟೆಲ್, ಹ್ಯಾಸ್ಬ್ರೋ ಕಂಪನಿಗಳು ಅಧಿಕೃತ ಆಟಿಕೆ ತರುತ್ತವೆ ಅನ್ನೋ ಘೋಷಣೆ ಆದದ್ದೇ 2025ರ ಅಕ್ಟೋಬರ್‌ನಲ್ಲಿ. ಬೇಡಿಕೆ ಇದೆ, ಮಾಲಿಲ್ಲ ಅಂದ್ರೆ ಏನಾಗುತ್ತೆ ಅಂತ ವ್ಯಾಪಾರಸ್ಥರಿಗೆ ಹೇಳಿಕೊಡಬೇಕಾಗಿಲ್ಲ. ನಕಲಿ ಮಾಲು ಬರುತ್ತೆ.

ಹಾಗಾಗಿ ಸಗಟು ಮಾಲು ತರುವಾಗ ಇಷ್ಟು ನೋಡಿಕೊಳ್ಳಿ:

- ಪ್ಯಾಕೆಟ್ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರಬೇಕು.
- 14 ವರ್ಷದೊಳಗಿನ ಮಕ್ಕಳ ಆಟಿಕೆ ಆದ್ರೆ ಐಎಸ್‌ಐ ಗುರುತು ಕಡ್ಡಾಯ. 2021ರ ಜನವರಿ 1ರಿಂದ ಈ ನಿಯಮ ಇದೆ.
- ಖರೀದಿ ಬಿಲ್ ಇಲ್ಲದೆ ಇಂಥ ಮಾಲು ಇಡಬೇಡಿ.
- ಸುಳ್ಳು ಟ್ರೇಡ್‌ಮಾರ್ಕ್ ಹಾಕಿದ ಮಾಲು ಮಾರಿದ್ದು ಸಾಬೀತಾದರೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶ ಇದೆ.

ಹತ್ತು ರೂಪಾಯಿ ಸ್ಟಿಕ್ಕರ್‌ಗೆ ಯಾರು ಕೇಳ್ತಾರೆ ಅನಿಸಬಹುದು. ಆದ್ರೆ ಬಣ್ಣ ಬಿಡೋ, ಚೂಪು ಅಂಚಿನ ನಕಲಿ ಬೊಂಬೆ ಹೋಗೋದು ನಮ್ಮದೇ ಊರ ಮಗುವಿನ ಬಾಯಿಗೆ.

ನಮಗೆ ಇದು ಹೊಸದಾ?

ಯೋಚಿಸಿ ನೋಡಿದ್ರೆ, ತೆರೆ ಮೇಲೆ ಒಬ್ಬರ ಮುಖ, ಹಿಂದೆ ಇನ್ನೊಬ್ಬರ ದನಿ ಅನ್ನೋದು ನಮಗೆ ಹುಟ್ಟಿನಿಂದ ಗೊತ್ತಿರೋದೇ. ವರ್ಷಗಟ್ಟಲೆ ಡಾ. ರಾಜ್‌ಕುಮಾರ್ ತುಟಿಗೆ ಪಿ.ಬಿ. ಶ್ರೀನಿವಾಸ್ ದನಿ ಇತ್ತು. 1974ರ ‘ಸಂಪತ್ತಿಗೆ ಸವಾಲ್’ ನಂತರ ಅಣ್ಣಾವ್ರು ಹೆಚ್ಚಾಗಿ ತಾವೇ ಹಾಡತೊಡಗಿದರು. ಆದ್ರೆ ಒಂದು ಮಾತು ಹೆಮ್ಮೆಯಿಂದ ಹೇಳಬಹುದು. ಪಿ.ಬಿ.ಎಸ್ ಹೆಸರು ಕನ್ನಡಿಗರಿಗೆ ಗೊತ್ತಿತ್ತು, ರೇಡಿಯೋದಲ್ಲಿ ಹಾಡಿಗೆ ಮುಂಚೆ ಗಾಯಕರ ಹೆಸರು ಹೇಳುತ್ತಿದ್ದರು. ರಾನ್ ಡಾಂಟೆಗೆ ಸಿಗದ ಗೌರವ ಅದು.

ಕನ್ನಡದಲ್ಲೂ ವಾದ್ಯಗೋಷ್ಠಿಯ ಲೋಕ ತೆರೆ ಮೇಲೆ ಬಂದಿದೆ. ಸುನಿಲ್ ಮೈಸೂರು ನಿರ್ದೇಶಿಸಿ, ಪೂರ್ಣಚಂದ್ರ ಮೈಸೂರು ನಟಿಸಿದ ‘ಆರ್ಕೆಸ್ಟ್ರಾ ಮೈಸೂರು!’ 2023ರ ಜನವರಿಯಲ್ಲಿ ಬಿಡುಗಡೆ ಆಯಿತು. ಸಂಗೀತ ರಘು ದೀಕ್ಷಿತ್ ಅವರದ್ದು. ಆರ್ಕೆಸ್ಟ್ರಾದಲ್ಲಿ ಹಾಡಬೇಕು ಅಂತ ಹಂಬಲಿಸೋ ಸಾಮಾನ್ಯ ಹುಡುಗನ ಕಥೆ. ಗಣಪತಿ ಪೆಂಡಾಲಿನ ಮುಂದೆ ಕುರ್ಚಿ ಹಾಕಿಕೊಂಡು ಕೂತವರಿಗೆಲ್ಲ ಆ ಲೋಕ ಗೊತ್ತು.

ಮಕ್ಕಳು ಹಂಟ್ರಿಕ್ಸ್ ಅಂತ ಕುಣಿದರೆ ‘ಅದೆಲ್ಲ ಸುಳ್ಳು ಕಣೇ’ ಅಂತ ಬೈಯಬೇಕಾಗಿಲ್ಲ. ಬ್ಯಾಂಡ್ ಸುಳ್ಳೇ ಇರಬಹುದು, ಹಾಡಿದ ಗಂಟಲು ನಿಜ. ‘ಹಾಡಿದ್ದು ಯಾರು ಗೊತ್ತಾ?’ ಅಂತ ಕೇಳಿ, ಈಜೇ ಕಥೆ ಹೇಳಿ. ಹಾಗೇ ಈ ಸಲ ಗಣೇಶನ ಹಬ್ಬಕ್ಕೋ ಊರ ಜಾತ್ರೆಗೋ ಆರ್ಕೆಸ್ಟ್ರಾ ಬಂದಾಗ, ರಾತ್ರಿ ಹನ್ನೊಂದರವರೆಗೆ ಅಣ್ಣಾವ್ರ ಹಾಡು, ವಿಷ್ಣುದಾದಾ ಹಾಡು ಹೇಳಿ ದನಿ ಕಟ್ಟಿಸಿಕೊಂಡ ಆ ಹುಡುಗನ ಹೆಸರೇನು ಅಂತಲೂ ಒಮ್ಮೆ ಕೇಳಿ. ಬ್ಯಾನರ್ ಮೇಲೆ ಪ್ರಾಯೋಜಕರ ಹೆಸರು ದೊಡ್ಡದಾಗಿ ಇರುತ್ತೆ, ಅವನದ್ದು ಇರೋದು ಅಪರೂಪ.